ಖಾಲಿ ಇದೆ ಎಂದು ಸಹಿ

ಬಸ್ಸು ಹತ್ತದ ಮನುಷ್ಯನಿಗೆ ಬಸ್‌ಸ್ಟಾಪಿನಲ್ಲಿ ಏನು ಕೆಲಸ ಎಂದು ಅವನು ಎಂಟು ವರ್ಷದಿಂದ ದಿನಾ ಬೆಳಿಗ್ಗೆ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಇವತ್ತೂ ಕೇಳಿಕೊಂಡ. ಮೇಷ್ಟ್ರು ಎಂದಿನಂತೆ ಬೆಂಚಿನ ಎಡತುದಿಯಲ್ಲಿ, ಪೇಪರನ್ನು ನಾಲ್ಕಾಗಿ ಮಡಚಿ ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಮನೆಯೊಳಗೆ ಹಾಕುವ ರಬ್ಬರ್ ಚಪ್ಪಲಿಯಲ್ಲೇ ಬಂದು ಕೂತಿದ್ದರು. ಎದುರು ಸಾಲಿನ ಮೂರನೆಯ ಮನೆ ಅವರದು. ಅಲ್ಲಿ ಕುರ್ಚಿಯಿಲ್ಲವೇ, ಕಿಟಕಿಯಿಲ್ಲವೇ? ಆದರೂ ಬೆಳಿಗ್ಗೆ ಎಂಟೂಕಾಲಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ, ಅವನು ಬಸ್ಸು ಹತ್ತುವ ಹೊತ್ತಿಗೂ ಇಳಿಯುವ ಹೊತ್ತಿಗೂ ಸರಿಯಾಗಿ ಈ ಮುದುಕ ಹಾಜರು. ನಿವೃತ್ತರಾದವರಿಗೆ ಹೊತ್ತು ಹೋಗುವುದಿಲ್ಲ, ಒಪ್ಪೋಣ. ಹಾಗೆಂದು ಕಂಡವರ ತಲೆ ತಿನ್ನಬೇಕೇ. "ಬಾಪ್ಪ," ಎಂದು ಮೇಷ್ಟ್ರು ಬೆಂಚಿನ ಮೇಲೆ ತುಸು ಸರಿದು ಜಾಗ ಬಿಟ್ಟರು. ಅವನು ಕೂರುವುದಿಲ್ಲ ಎಂದು ಗೊತ್ತಿದ್ದೂ ದಿನಾ ಸರಿಯುತ್ತಿದ್ದರು. "ಹೊಸದೇನಾದ್ರೂ ಕಟ್ಟಿದ್ಯಾ?"

ದಿನವೂ ಇದೇ ಪ್ರಶ್ನೆ. ಕಚೇರಿಯ ಕಂಪ್ಯೂಟರಿನಲ್ಲಿ ಹೊಸ ಡೇಟಾಬೇಸ್ ಮಾಡುವುದನ್ನು ಮೇಷ್ಟ್ರು ‘ಕಟ್ಟುವುದು’ ಎನ್ನುತ್ತಿದ್ದರು, ಕಲ್ಲು ಗಾರೆ ಹೊತ್ತವರ ಹಾಗೆ. ಒಂದು ಸಾಲು ಬರೆದು ಬೆರಳು ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಆಗಿಬಿಡುವ ಕೆಲಸ ಅದು, ಕಟ್ಟುವುದಂತೆ. ಇಷ್ಟು ವರ್ಷಗಳಲ್ಲಿ ಅವನು ಐದಾರು ಮಾಡಿದ್ದ, ಒಂದು ಸಲವೂ ಹೌದು ಎಂದಿರಲಿಲ್ಲ. ಎಲ್ಲಾ ಹಳೇದೇ ಮೇಷ್ಟ್ರೆ ಎಂದು ಬಾಯಿ ಮುಚ್ಚಿಸಿ ಬಸ್ಸು ಹತ್ತುತ್ತಿದ್ದ. ಇವತ್ತು ಬಸ್ಸು ತಡವಾಯಿತು. ಮುದುಕನ ಮುಖ ತಪ್ಪಿಸಿ ನೋಡಲು ರಸ್ತೆಯಲ್ಲಿ ಏನೂ ಇರಲಿಲ್ಲ. "ಇವತ್ತೊಂದಿದೆ," ಎಂದುಬಿಟ್ಟ, "ಎಸ್ಕಲೇಟರಿಂದು." ಹೇಳಿದ ಮರುಗಳಿಗೆಯೇ ಯಾಕಾದರೂ ಹೇಳಿದೆನೋ ಅನಿಸಿತು, ಯಾಕೆಂದರೆ ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಹಬೆ ಹಿಡಿದ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. "ಕಟ್ಟಿದ್ಮೇಲೆ ಒಂದ್ಸಲ ಒಳಗೆ ನೋಡು," ಎಂದರು. "ಖಾಲಿ ಇರುತ್ತಲ್ಲ ಮೇಷ್ಟ್ರೆ, ನೋಡೋದೇನು?" "ಆದ್ರೂ ನೋಡು." ಬಸ್ಸು ಬಂತು. ಹಿಂದಿನ ಸೀಟಿನಲ್ಲಿ ಕೂತು ಅವನು ಮನಸ್ಸಿನಲ್ಲೇ ಮೂಗು ಮುರಿದ. ಅರವತ್ತಾರರ ವಯಸ್ಸಿನಲ್ಲಿ, ಕೆಲಸ ಬಿಟ್ಟು ಎಂಟು ವರ್ಷವಾದ ಮೇಲೆ, ಪಾಠ.

ಈ ಮನುಷ್ಯನ ಮೇಲೆ ಅವನಿಗಿದ್ದ ತಾತ್ಸಾರಕ್ಕೆ ಒಂದು ಬುಡ ಇತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಕೂಡ. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅಷ್ಟೇ. ಹನ್ನೊಂದು ವರ್ಷದ ಹಿಂದೆ, ಇಲಾಖೆಯ ಸರ್ವರು ಇನ್ನೂ, ಹೊಸಬರಿಗೆಲ್ಲ ಕೆಲಸ ಕಲಿಸಿ ಮೇಷ್ಟ್ರು ಎನಿಸಿಕೊಂಡಿದ್ದ ಇವರ ಕೈಯಲ್ಲಿದ್ದಾಗ, ಅವರ ಪಕ್ಕದ ಮೇಜಿನಲ್ಲಿ ಕೂತು ಅವರಿಂದಲೇ ಕೆಲಸ ಕಲಿಯುತ್ತ, ಅವನು ಏಳು ತಿಂಗಳು ಅವರ ತಪ್ಪುಗಳನ್ನು ಬರೆದಿಟ್ಟಿದ್ದ. ಕಾಗದದಲ್ಲಲ್ಲ, ಕಾಗದ ಯಾರ ಕೈಗಾದರೂ ಸಿಕ್ಕೀತು. ಸರ್ವರಿನಲ್ಲೇ, ತನ್ನದೆಂದು ಅವನು ತಿಳಿದಿದ್ದ ಒಂದು ಮೂಲೆಯಲ್ಲಿ, ಮೂರು ಕಾಲಮ್ಮಿನ ಪುಟ್ಟ ಟೇಬಲ್: ತಾರೀಖು, ತಪ್ಪು, ಮಾಡಿದವರು. ಮಾಡಿದವರು ಎಂಬಲ್ಲಿ ಪ್ರತಿ ಸಾಲಿಗೂ ‘ಮೇ.’ ಎಂದು ಒಂದೇ ಅಕ್ಷರ. ಬ್ಯಾಕಪ್ ತೆಗೆಯಲು ಮರೆತದ್ದು. ಕ್ರೇನಿನ ನಂಬರನ್ನು ಲಿಫ್ಟಿನ ಪಟ್ಟಿಗೆ ಸೇರಿಸಿದ್ದು. ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸಿದ್ದು. ತಮ್ಮ ಪಾಸ್‌ವರ್ಡನ್ನು ತಾವೇ ಮರೆತು ‘ಏನಪ್ಪ ಅದು’ ಎಂದು ಅವನನ್ನೇ ಕೇಳಿದ್ದು. ಒಟ್ಟು ನಲವತ್ತಮೂರು. ಒಂದು ದಿನ ಅದನ್ನು ಅಚ್ಚು ತೆಗೆದು ಸಾಹೇಬರ ಮೇಜಿನ ಮೇಲಿಟ್ಟ. ಸಾಹೇಬರು ಓದಿ, ಡ್ರಾಯರಿಗೆ ಹಾಕಿ, "ನೀನು ತಂದದ್ದು ಅಂತ ನಾನೂ ಹೇಳಲ್ಲ, ನೀನೂ ಹೇಳ್ಬೇಡ," ಎಂದಿದ್ದರು. ಎಂಟು ದಿನಕ್ಕೆ ಮೇಷ್ಟ್ರು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಹೋದರು, ಆರೋಗ್ಯದ ಕಾರಣ ಎಂದು ಆದೇಶದಲ್ಲಿತ್ತು. ಹೋಗುವ ದಿನ ಎಲ್ಲ ಪಾಸ್‌ವರ್ಡುಗಳನ್ನೂ ದುಂಡಗಿನ ಅಕ್ಷರದಲ್ಲಿ ಬರೆದು ಅವನ ಕೈಗಿಟ್ಟು ಬೆನ್ನು ತಟ್ಟಿದ್ದರು. ಮೂರು ವರ್ಷ ಅಲ್ಲಿನ ಟ್ಯೂಬ್‌ಲೈಟಿನ ಕೆಳಗೆ ಕಡತಗಳಿಗೆ ನಂಬರು ಅಂಟಿಸಿ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಭಾಷಣ ಮಾಡಿದವನೂ ಅವನೇ. ಹೊಡೆದವನು ಯಾರೆಂದು ತಿಳಿಯದೆ ಹೊಡೆದವನ ಬೆನ್ನನ್ನೇ ತಟ್ಟುವವರನ್ನು ಯಾರು ತಾನೇ ಗೌರವಿಸುತ್ತಾರೆ? ಆಮೇಲೊಮ್ಮೆ ಆ ಟೇಬಲನ್ನು ಅಳಿಸಲೆಂದು ತನ್ನ ಮೂಲೆಯಲ್ಲಿ ಹುಡುಕಿದರೆ ಅದು ಅಲ್ಲಿರಲೇ ಇಲ್ಲ. ಸರ್ವರು ಬದಲಾಯಿಸಿದಾಗ ಹೋಗಿರಬೇಕು ಎಂದುಕೊಂಡು ಕೈ ತೊಳೆದುಕೊಂಡಿದ್ದ.

ಇಲಾಖೆಯ ಕೆಲಸ ಊರಿನ ಲಿಫ್ಟುಗಳನ್ನೂ ಕ್ರೇನುಗಳನ್ನೂ ಬಾಯ್ಲರುಗಳನ್ನೂ ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುವುದು, ಮತ್ತು ಇಲಾಖೆಯಲ್ಲಿ ಯಾರೂ ಲಿಫ್ಟು ಹತ್ತುತ್ತಿರಲಿಲ್ಲ. ಇನ್ಸ್‌ಪೆಕ್ಟರುಗಳೆಲ್ಲ ಏದುಸಿರು ಬಿಡುತ್ತ ನಾಲ್ಕು ಮಹಡಿ ಮೆಟ್ಟಿಲು ಹತ್ತುವುದನ್ನು ನೋಡುವುದೇ ಅವನಿಗೆ ದಿನದ ಮೊದಲ ಸಂತೋಷ. ಊರಿಗೆಲ್ಲ ಧೈರ್ಯ ಬರೆದುಕೊಡುವ ಪುಕ್ಕಲರು. ಅವನು ಮಾತ್ರ ಲಿಫ್ಟಿನಲ್ಲೇ ಹೋಗುತ್ತಿದ್ದ, ಒಬ್ಬನೇ, ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತ. ಹಿಂದಿನಿಂದ ಅವರೆಲ್ಲ ತನ್ನನ್ನು ಚಾವಿ ಎನ್ನುತ್ತಾರೆಂಬುದು ಅವನಿಗೆ ಗೊತ್ತಿತ್ತು. ಎಲ್ಲ ಪಾಸ್‌ವರ್ಡೂ ಅವನ ಬಳಿಯೇ ಇದ್ದು, ಯಾವುದನ್ನೇ ಆಗಲಿ ಮೂರು ಸಲ ಕೇಳಿಸಿಕೊಳ್ಳದೆ ಕೊಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಅನ್ನಲಿ. ಬೇಕಾದಾಗ ಬಂದು ಹಲ್ಲು ಕಿರಿಯುವವರು ಅವರೇ ತಾನೆ.

ಹನ್ನೊಂದಕ್ಕೆ ಸರಿಯಾಗಿ ಎಸ್ಕಲೇಟರ್ ವಿಭಾಗದ ಇಂಜಿನಿಯರ್ ಬಂದಳು. ಹೊಸ ವಿಭಾಗ, ಮಾಲ್‌ಗಳಲ್ಲಿ, ನಿಲ್ದಾಣಗಳಲ್ಲಿ ಚಲಿಸುವ ಮೆಟ್ಟಿಲುಗಳು ಹೆಚ್ಚಾದವೆಂದು ಮೇಲಿನವರಿಗೆ ಈಗ ಜ್ಞಾನೋದಯವಾಗಿತ್ತು. ಮೂವತ್ತೈದರ ಹೆಂಗಸು, ಹತ್ತು ವರ್ಷ ಲಿಫ್ಟು ಓಡಾಡುವ ಬಾವಿಗಳಿಗೆ ಇಳಿದು ಬಂದವಳು, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು. ಕೈಯಲ್ಲಿ ಎರಡು ಪ್ರತಿಯ ಒಂದು ಫಾರಂ. ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ, ಪರದೆ ಕಾಣುವಂತೆ ಕೂತದ್ದು ಅವನಿಗೆ ಹಿಡಿಸಲಿಲ್ಲ. ಹೆಸರು ಏನಿಡಬೇಕು ಎಂದು ಕೇಳಿದ. ಎಸ್ಕಲೇಟರ್ ಎಂದಳು. ಒಡೆತನ ಯಾರದು? "ನಂದೇ ಸರ್." ನಂದೇ ಅಂತೆ. ನಿನ್ನೆ ಬಂದವರಿಗೆ ಇವತ್ತು ಒಡೆತನ. ಕನ್ನಡ ಅಕ್ಷರ ಬೇಕೋ ಬೇಡವೋ? "ಬೇಕು ಸರ್, ತಪಾಸಣೆಯ ಷರಾ ನಾವು ಕನ್ನಡದಲ್ಲೇ ಬರೆಯೋದು." ಅವನು ಎಲ್ಲವನ್ನೂ ಒಂದೇ ಸಾಲಿನಲ್ಲಿ ಹೊಡೆದ. ಸಾಲಿನ ಕೊನೆಗೆ ಅರ್ಧವಿರಾಮ ಹಾಕುವವರೆಗೆ ಯಂತ್ರ ಏನೂ ಮಾಡುವುದಿಲ್ಲ, ಸುಮ್ಮನೆ ಕಾಯುತ್ತದೆ. ವರ್ಷಗಟ್ಟಲೆ ಬೇಕಾದರೂ ಕಾಯುತ್ತದೆ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು, ದೊಡ್ಡ ಗುಟ್ಟು ಹೇಳುವವರಂತೆ ಬಗ್ಗಿ. ಅವತ್ತು ಅವರ ಬಾಯಿಂದ ಏಲಕ್ಕಿಯ ವಾಸನೆ ಬಂದಿತ್ತು. ಅವನು ಅರ್ಧವಿರಾಮ ಹಾಕಿ ಒತ್ತಿದ.

ಆಗಲಿಲ್ಲ. ಕೆಂಪು ಅಕ್ಷರದಲ್ಲಿ ಒಂದು ದೂರು ಬಂತು. ಹೊಸ ಡೇಟಾಬೇಸ್ ಎಂದರೆ ಬರಿಗೈಯಿಂದ ಹುಟ್ಟುವುದಲ್ಲ. ಯಂತ್ರದೊಳಗೆ ಮೊದಲೇ ಒಂದು ಮಾದರಿ ಇರುತ್ತದೆ, ಪುಸ್ತಕದಲ್ಲಿ ಅದಕ್ಕೆ ಟೆಂಪ್ಲೇಟ್ ಎಂದು ಹೆಸರು, ಮೇಷ್ಟ್ರು ಎರಕದ ಅಚ್ಚು ಎನ್ನುತ್ತಿದ್ದರು, ಹಾಗಾಗಿ ಈ ಕಚೇರಿಯಲ್ಲಿ ಎಲ್ಲರೂ ಅಚ್ಚು ಎಂದೇ ಅನ್ನುವುದು. ಆ ಅಚ್ಚಿನ ನಕಲೇ ಹೊಸದು. ನಕಲು ತೆಗೆಯುವಾಗ ಅಚ್ಚಿನೊಳಗೆ ಯಾರೂ ಇರಬಾರದು. ಈಗ ಯಾರೋ ಇದ್ದರು. "ಯಾರು ಸರ್ ಒಳಗೆ ಕೂತಿರೋದು?" ಎಂದಳು ಇಂಜಿನಿಯರ್. "ಇನ್ಯಾರು, ಕೆಳಗಿನ ಮಹಡಿಯವರು. ಎಲ್ಲಿ ನುಗ್ಗಬಾರದು ಅಲ್ಲೇ ನುಗ್ತಾರೆ. ಬಾಗಿಲು ಹಾಕ್ಕೊಂಡು ಹೋಗೋ ಅಭ್ಯಾಸ ಇಲ್ಲ ನೋಡಿ ಈ ಜನಕ್ಕೆ," ಎನ್ನುತ್ತ ಅವನು ಒಳಗಿರುವವರ ಪಟ್ಟಿ ತೆಗೆದ. ಒಂದೇ ಹೆಸರಿತ್ತು. ನಿನ್ನೆ ಮಧ್ಯಾಹ್ನ ಮೂರು ಗಂಟೆಯಿಂದ. "ನಿಮ್ಮದೇ ಹೆಸರು ಸರ್," ಎಂದಳು ಅವಳು, ಆಡಿಕೊಳ್ಳುವ ದನಿಯಲ್ಲಲ್ಲ, ನಂಬರು ಓದಿ ಹೇಳುವ ದನಿಯಲ್ಲಿ. ಅದೇ ಹೆಚ್ಚು ಉರಿಯಿತು. ನಿನ್ನೆ ತೆರೆದ ಹಳೆಯ ಕಿಟಕಿಯೊಂದು ಪರದೆಯ ಹಿಂದೆಲ್ಲೋ ಹಾಗೇ ಉಳಿದಿತ್ತು. ಅದು ಅಚ್ಚಿನೊಳಗೆ ಯಾಕೆ ಹೋಯಿತೋ, ಅವನು ಯೋಚಿಸಲಿಲ್ಲ. ಕಿವಿ ಬಿಸಿಯಾದವನಿಗೆ ಯೋಚನೆ ಎಲ್ಲಿ. ಮುಚ್ಚಿದ. ಮತ್ತೆ ಒತ್ತಿದ. ಆಯಿತು.

"ತಗೊಳ್ಳಿ, ನಿಮ್ಮ ಅರಮನೆ," ಎಂದು ಅವನು ಕೈ ಒರೆಸಿಕೊಂಡ. ಇಂಜಿನಿಯರ್ ಏಳಲಿಲ್ಲ. ಫಾರಮ್ಮಿನ ಮೇಲೆ ಪೆನ್ನಿಟ್ಟು, "ಒಳಗೆ ತೋರಿಸ್ತೀರಾ ಸರ್?" ಎಂದಳು. ಇವಳಿಗೂ ಅದೇ ಚಾಳಿ. ಖಾಲಿ ಇದೆ ಕಣ್ರೀ ಎಂದ. "ಗೊತ್ತು ಸರ್. ಆದ್ರೆ ಲಿಫ್ಟ್ ಕೂರಿಸೋಕ್ಮುಂಚೆ ನಾವು ಖಾಲಿ ಬಾವಿನ ಟಾರ್ಚ್ ಹಾಕಿ ನೋಡ್ಲೇಬೇಕು. ನೋಡಿ, ಖಾಲಿ ಇದೆ ಅಂತ ಸಹಿ ಹಾಕಿದ್ಮೇಲೇ ಮುಂದಿನ ಕೆಲಸ. ನೋಡದೆ ಸಹಿ ಹಾಕಿ ಅಭ್ಯಾಸ ಇಲ್ಲ." ತಪಾಸಣೆಯವರ ಈ ಗಂಟುಮುಖದ ಪ್ರಾಮಾಣಿಕತೆ ಅವನಿಗೆ ಯಾವತ್ತೂ ನಗೆ ತರಿಸುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವನು ಕಟ್ಟಿದ, ಅಲ್ಲ, ಮಾಡಿದ ಯಾವುದರ ಒಳಗೂ ಇಣುಕಿ ನೋಡಿರಲಿಲ್ಲ. ಚಾವಿ ಕೊಡುವವನು ಗುಡಿಸಿಯೂ ಕೊಡುವುದಿಲ್ಲ. ಬೇಕೆಂದೇ ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ, ಒಳಗಿರುವ ಟೇಬಲುಗಳ ಪಟ್ಟಿ ಕೇಳಿದ. ಸೊನ್ನೆ ಬರುವುದನ್ನು ಅವಳಿಗೆ ತೋರಿಸಿ ಒಂದು ಮಾತು ಅನ್ನಬೇಕೆಂದು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ.

ಒಂದು ಬಂತು. ಹೆಸರು ‘ತಪ್ಪುಗಳು’.

ಆ ಪದವನ್ನು ಅವನು ಮೊದಲು ಓದಲೇ ಇಲ್ಲ. ಅದರ ಆಕಾರವನ್ನು ಗುರುತಿಸಿದ, ಜನರ ನಡುವೆ ತನ್ನದೇ ಹಳೇ ಅಂಗಿ ಕಂಡ ಹಾಗೆ. "ಓ, ಇದಾ," ಎಂದಳು ಅವಳು. "ಇದು ಕ್ರೇನಿಂದ್ರಲ್ಲೂ ಇದೆ ಸರ್. ಬಾಯ್ಲರಿಂದ್ರಲ್ಲೂ ನೋಡಿದೀನಿ. ಸಿಸ್ಟಮ್ಮಿಂದೇ ಇರಬೇಕು ಅಂತ ಯಾರೂ ಮುಟ್ಟಿಲ್ಲ. ಒಂದು ನಿಮಿಷ ತೆಗೀರಿ, ನೋಡೋಣ." ಬೇಡ ಎನ್ನಲು ಅವನಿಗೆ ಒಂದು ನಿಮಿಷ ಬೇಕಿತ್ತು, ಅಷ್ಟರಲ್ಲಿ ಅವಳೇ ಕೈ ಚಾಚಿ ತೆಗೆದಿದ್ದಳು. ಸಾಲುಗಳು ಇಳಿದವು. ಬ್ಯಾಕಪ್ ಮರೆತದ್ದು. ಕ್ರೇನಿನ ನಂಬರು. ಮಧ್ಯಾಹ್ನದ ತೂಕಡಿಕೆ, ಅದಕ್ಕೆ ಅವನೇ ಹಾಕಿದ್ದ ನಿಮಿಷಗಳ ಲೆಕ್ಕ: ಹನ್ನೆರಡು. ಏಳು ತಿಂಗಳು ಕುರ್ಚಿಯಲ್ಲಿ ಅರ್ಧ ತಿರುಗಿ ಕೂತು, ಕೆಮ್ಮಿದಂತೆ ಮಾಡಿ ಗಡಿಯಾರ ನೋಡಿ, ಒಬ್ಬ ಮನುಷ್ಯನ ನಿದ್ದೆಯನ್ನು ಅಳೆದಿದ್ದ ತಾನು. ಅಚ್ಚಿನೊಳಗೆ ಬರೆದಿದ್ದ. ತನ್ನ ಮೂಲೆ ಎಂದುಕೊಂಡು ಅಚ್ಚಿನೊಳಗೇ ಕೂತು ಬರೆದಿದ್ದ, ಅವತ್ತಿನಿಂದ ಈ ಇಲಾಖೆಯಲ್ಲಿ ಏನೇ ಹುಟ್ಟಿದರೂ ಹೊಟ್ಟೆಯಲ್ಲಿ ಅದನ್ನಿಟ್ಟುಕೊಂಡೇ ಹುಟ್ಟಿತ್ತು, ಇಡೀ ಕಚೇರಿ ಅದನ್ನು ಯಂತ್ರದ ಅಂಗವೆಂದು ತಿಳಿದು ಸುತ್ತು ಹಾಕಿ ನಡೆದಿತ್ತು. ಬೇರೆ ಯಾರಾದರೂ ಮಾಡಿದ್ದರೆ ಅವನು ವಾರಗಟ್ಟಲೆ ನಗುತ್ತಿದ್ದ.

"ನಲವತ್ನಾಲ್ಕು ಸಾಲು," ಎಂದಳು ಅವಳು.

ನಲವತ್ತಮೂರು ಎಂದು ಅವನ ಬಾಯಿಗೆ ಬಂದಿತ್ತು, ಉಗುಳಿನ ಜೊತೆ ನುಂಗಿದ. ಕೊನೆಯ ಸಾಲು ಪರದೆಯ ತಳದಲ್ಲಿತ್ತು. ತಾರೀಖು ಅವನಿಗೆ ಗೊತ್ತಿದ್ದ ತಾರೀಖೇ, ಮೇಷ್ಟ್ರು ಪಾಸ್‌ವರ್ಡುಗಳನ್ನು ಅವನ ಕೈಗಿಟ್ಟು ನೆಲಮಾಳಿಗೆಗೆ ಇಳಿದ ದಿನ. ತಪ್ಪು ಎಂಬಲ್ಲಿ ಹೀಗಿತ್ತು: ‘ಡೇಟಾಬೇಸಿನ ಹೆಸರು ಕೊಡದೆ ಒಳಗೆ ಹೋದರೆ ನೇರ ಅಚ್ಚಿನೊಳಗೆ ಹೋಗುತ್ತೇವೆ ಎಂಬುದನ್ನು ಇವನಿಗೆ ಹೇಳಿಕೊಡುವುದನ್ನು ನಾನು ಮರೆತೆ.’ ಮಾಡಿದವರು ಎಂಬಲ್ಲಿ, ಉಳಿದ ನಲವತ್ತಮೂರರಂತೆಯೇ, ‘ಮೇ.’

ಇವನಿಗೆ. ಆ ಪದದ ಮೇಲೆ ಅವನ ಕಣ್ಣು ನಿಂತುಬಿಟ್ಟಿತು. ಓದಿದ್ದರು, ಎಲ್ಲವನ್ನೂ. ನಿದ್ದೆಯ ನಿಮಿಷಗಳನ್ನೂ ಓದಿದ್ದರು, ಆಮೇಲೆ ಬೆನ್ನು ತಟ್ಟಿದ್ದರು. ಬೀಳ್ಕೊಡುಗೆಯ ಭಾಷಣವನ್ನು ಮೊದಲ ಸಾಲಿನಲ್ಲಿ ಕೂತು, ಕೈಯಲ್ಲಿ ಗೋಡೆ ಗಡಿಯಾರ ಹಿಡಿದು, ತಲೆದೂಗುತ್ತ ಕೇಳಿದ್ದರು. ಎಂಟು ವರ್ಷ ಹೊಸದೇನಾದ್ರೂ ಕಟ್ಟಿದ್ಯಾ ಎಂದು ಕೇಳಿದ್ದು ಇದಕ್ಕೆ. ನಾಚಿಕೆ ಅವನಿಗೆ ಹೊಟ್ಟೆಯಿಂದಲ್ಲ, ಬೆನ್ನಿನಿಂದ ಹತ್ತಿತು, ಅವರು ತಟ್ಟಿದ್ದ ಜಾಗದಿಂದ. ಅದರ ಹಿಂದೆಯೇ ಸಿಟ್ಟು ಬಂತು, ಮತ್ತು ಸಿಟ್ಟು ಬಂದದ್ದು ಅವನಿಗೆ ಹಾಯೆನಿಸಿತು. ಬೈದುಬಿಡಬಹುದಿತ್ತಲ್ಲ ಆ ಮುದುಕ. ನಾಲ್ಕು ಜನರ ಮುಂದೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರೆ ಅವತ್ತಿಗೇ ಮುಗಿಯುತ್ತಿತ್ತು. ದೊಡ್ಡತನ ತೋರಿಸಿ ಜೀವಮಾನವಿಡೀ ಕುತ್ತಿಗೆಗೆ ಕಟ್ಟುವುದು ಯಾವ ನ್ಯಾಯ?

"ಎಂಥಾ ಮನುಷ್ಯ ಇರಬೇಕು ಸರ್ ಇವ್ರು," ಎನ್ನುತ್ತಿದ್ದಳು ಇಂಜಿನಿಯರ್. ಅವಳು ಪರದೆಗೆ ಬಗ್ಗಿ ಮೊದಲಿನಿಂದ ಓದುತ್ತಿದ್ದಳು. "ತಮ್ಮ ತಪ್ಪನ್ನ ತಾವೇ ಬರ್ಕೊಂಡಿದಾರೆ, ತೂಕಡಿಸಿದ್ದೂ ಬಿಟ್ಟಿಲ್ಲ ನೋಡಿ. ನಮ್ಮ ಇನ್ಸ್‌ಪೆಕ್ಟರುಗಳಿಗೆ ಇದನ್ನ ಓದಿಸ್ಬೇಕು. ಸಾಹೇಬ್ರಿಗೆ ತೋರಿಸ್ಲಾ? ಖುಷಿಪಡ್ತಾರೆ." ಸಾಹೇಬರು ಇನ್ನೂ ಅದೇ ಸಾಹೇಬರು, ಅದೇ ಡ್ರಾಯರು. ಮೊದಲ ಸಾಲು ಓದಿದರೆ ಸಾಕು, ತಲೆಯೆತ್ತಿ ಅವನತ್ತ ನೋಡುತ್ತಾರೆ, ಅವರ ನೋಟವನ್ನು ಇವಳು ನೋಡುತ್ತಾಳೆ, ಮೆಟ್ಟಿಲು ಹತ್ತುವವರೆಲ್ಲರ ಬಾಯಲ್ಲಿ ಸಂಜೆಯೊಳಗೆ ಚಾವಿಗೊಂದು ಹೊಸ ಹೆಸರು ಬಿದ್ದಿರುತ್ತದೆ. "ಬೇಡ," ಎಂದ. ದನಿ ಜೋರಾಯಿತು. "ಹಳೇ ಕಸ ಅದು. ಅಳಿಸಿಬಿಡಿ."

"ಯಾರು ಬರೆದಿದ್ದು ಅಂತ ನಿಮಗೆ ಗೊತ್ತಾ ಸರ್?"

"ಗೊತ್ತಿಲ್ಲ," ಎಂದ. "ಹಳಬರು ಯಾರೋ."

ಅವಳು ಅವನ ಮುಖ ನೋಡಿದಳು. ಬಾವಿಗೆ ಇಳಿಯುವ ಮೊದಲು ಹಗ್ಗವನ್ನು ಒಮ್ಮೆ ಎಳೆದು ನೋಡುವವರ ನೋಟ. ಒಡೆತನ ಅವಳದಾದ್ದರಿಂದ ಅಳಿಸಬೇಕಾದವಳೂ ಅವಳೇ, ಅಳಿಸಿದಳು. ಅಚ್ಚಿನೊಳಗಿನ ಮೂಲ ಹಾಗೇ ಇತ್ತು, ಅದನ್ನು ಮುಟ್ಟಬಲ್ಲವನು ಅವನೊಬ್ಬನೇ, ನಾಳೆ ಕೋಣೆಯಲ್ಲಿ ಯಾರೂ ಇಲ್ಲದಾಗ ನೋಡಿಕೊಂಡರಾಯಿತು ಎಂದುಕೊಂಡ. ಅವಳು ಫಾರಂ ತುಂಬಿದಳು. ‘ಖಾಲಿ ಇದೆ’ ಎಂದು ಅಚ್ಚಾಗಿದ್ದ ಕಡೆ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಖಾಲಿ ಇರಲಿಲ್ಲ. ಖಾಲಿ ಮಾಡಿ ಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕಿ ಅವನತ್ತ ತಳ್ಳಿದಳು. "ಇದೆಲ್ಲಾ ಯಾಕ್ರೀ?" ಎಂದ. "ಇದ್ದದ್ದು ಇದ್ದ ಹಾಗೆ ಸರ್," ಎಂದಳು. ಅವನು ಅದರ ಕೆಳಗೆ ಸಹಿ ಹಾಕಿದ, ಎಂದಿನ ಸುರುಳಿ ಬರಲಿಲ್ಲ. ಒಂದು ಪ್ರತಿ ಅವಳಿಗೆ, ಒಂದು ಅವನಿಗೆ. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ಸಂಜೆಯವರೆಗೆ ಅವನು ಎಲ್ಲರನ್ನೂ ಬೈದ. ಕಾಫಿ ತಣ್ಣಗಿದೆ ಎಂದು ಕ್ಯಾಂಟೀನಿನವನನ್ನು, ಪಾಸ್‌ವರ್ಡು ಕೇಳಲು ಬಂದ ಗುಮಾಸ್ತನನ್ನು, ಫೋನು ಮಾಡಿ ತರಕಾರಿ ಏನು ತರುತ್ತೀರಿ ಎಂದ ಹೆಂಡತಿಯನ್ನು. ಲಿಫ್ಟಿನಲ್ಲಿ ಇಳಿಯುವಾಗ ಕನ್ನಡಿಗೆ ಬೆನ್ನು ಹಾಕಿ ನಿಂತ. ಬಸ್ಸಿನಲ್ಲಿ, ಒಂದು ನಿಲ್ದಾಣ ಮೊದಲೇ ಇಳಿದು ಹಿಂದಿನ ಬೀದಿಯಿಂದ ಮನೆ ಸೇರಿದರೆ ಹೇಗೆ ಎಂದು ಲೆಕ್ಕ ಹಾಕಿದ. ಹಾಕುತ್ತ ಹಾಕುತ್ತ ಆ ನಿಲ್ದಾಣ ದಾಟಿಹೋಯಿತು. ಒಂದು ಮಾತು ಸಾಕು, ಅವನಿಗೆ ಗೊತ್ತಿತ್ತು. ನೋಡಿದೆ ಮೇಷ್ಟ್ರೆ ಎಂದರೆ ಸಾಕು. ಉಳಿದದ್ದನ್ನು ಅವರು ಕೇಳುವುದೂ ಇಲ್ಲ. ಅಷ್ಟು ಸಣ್ಣ ಮಾತು ಇಷ್ಟು ದೊಡ್ಡ ಬಾಯಿಂದ ಬರಲು ಏನು ಕಷ್ಟ ಎಂದು ತನ್ನನ್ನೇ ಹೀಯಾಳಿಸಿಕೊಂಡ.

ಮೇಷ್ಟ್ರು ಬೆಂಚಿನ ಎಡತುದಿಯಲ್ಲಿದ್ದರು. ಅವನು ಇಳಿದದ್ದನ್ನು ಕಂಡು ಸರಿದು ಜಾಗ ಬಿಟ್ಟರು. ಬಸ್ಸು ಹೊಗೆ ಬಿಟ್ಟು ಹೋಯಿತು, ನಿಲ್ದಾಣದಲ್ಲಿ ಇಬ್ಬರೇ ಉಳಿದರು.

"ಕಟ್ಟಿದ್ಯಾ?"

"ಕಟ್ಟಿದೆ," ಎಂದ ಅವನು. ಕಟ್ಟಿದೆ ಎಂದೇ ಅಂದದ್ದು ಅವನ ಕಿವಿಗೂ ಬಿತ್ತು.

"ಒಳಗೆ ನೋಡಿದ್ಯಾ?"

ಕನ್ನಡಕದ ಹಿಂದಿನ ಕಣ್ಣುಗಳು ಆಸೆಯಿಂದ ದೊಡ್ಡವಾಗಿದ್ದವು, ಪರೀಕ್ಷೆ ಬರೆದು ಬಂದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುವ ತಂದೆಯ ಹಾಗೆ. ಅಂಗಿಯ ಜೇಬಿನಲ್ಲಿ ಕಾಗದ ಎದೆಗೆ ಚುಚ್ಚುತ್ತಿತ್ತು. ಅವನು ಬಾಯಿ ತೆರೆದ. ಆಡಬೇಕೆಂದಿದ್ದ ಮಾತು ಅಲ್ಲೇ ಇತ್ತು, ಹಲ್ಲಿನ ಹಿಂದೆಯೇ.

"ನೋಡಿದೆ. ಖಾಲಿ ಇತ್ತು ಮೇಷ್ಟ್ರೆ."

ಮೇಷ್ಟ್ರು ಹಿಂದೆ ಅವನು ಹೊಡೆದ ಸಾಲನ್ನು ಒತ್ತುವ ಮೊದಲು ಓದಿ ನೋಡುತ್ತಿದ್ದಂತೆ ಅವನ ಮುಖವನ್ನು ಎಡದಿಂದ ಬಲಕ್ಕೆ ಒಮ್ಮೆ ಓದಿದರು. ಆಮೇಲೆ ತೊಡೆಯ ಕೆಳಗಿನ ಪೇಪರನ್ನು ಎಳೆದು ಕಂಕುಳಿಗೆ ಸಿಕ್ಕಿಸಿಕೊಂಡು, ಮಂಡಿಯ ಮೇಲೆ ಕೈಯೂರಿ ಎದ್ದರು.

"ಸರಿ ಬಿಡು," ಎಂದರು. "ಮುಂದಿನದ್ರಲ್ಲಿ ನೋಡು."

ರಬ್ಬರ್ ಚಪ್ಪಲಿ ಚಟಪಟ ಎನ್ನಿಸುತ್ತ ಅವರು ರಸ್ತೆ ದಾಟಿದರು, ಎರಡೂ ಕಡೆ ನೋಡಿಕೊಂಡು, ಅವಸರವಿಲ್ಲದೆ. ಎದುರು ಸಾಲಿನ ಮೂರನೆಯ ಮನೆಯ ಬಾಗಿಲು ತೆರೆದು ಮುಚ್ಚಿತು. ಅವರು ಬಿಟ್ಟುಕೊಟ್ಟಿದ್ದ ಜಾಗದಲ್ಲಿ ಅವನು ಎಂಟು ವರ್ಷದಲ್ಲಿ ಮೊದಲ ಸಲ ಕೂತ. ನಾಳೆ ಎಂಟೂಕಾಲಕ್ಕೆ ಅವರು ಮತ್ತೆ ಇಲ್ಲಿರುತ್ತಾರೆ, ಸರಿದು ಜಾಗ ಬಿಡುತ್ತಾರೆ, ಕೇಳುತ್ತಾರೆ.